ಉದ್ದ ಲೆನ್ಸಿನ ತಿಂಗಳು

ಸ್ಟುಡಿಯೋ ಅಕ್ಕನಿಗೆ ನಗುಮುಖ ಕಂಡರೆ ಅನುಮಾನ. ಫೋಟೋ ತೆಗೆದು ಹೊಟ್ಟೆ ಹೊರೆಯುವವಳಿಗೆ ಇದೆಂಥ ಸ್ವಭಾವ ಎಂದು ನೀವು ಕೇಳಬಹುದು. ಕ್ಯಾಮೆರಾ ಮುಂದೆ ಕೂತವರೆಲ್ಲ ಸುಳ್ಳು ಹೇಳುತ್ತಾರೆ ಎಂಬುದು ಆಕೆಯ ಗಟ್ಟಿ ನಂಬಿಕೆ. ಬಾಯಿ ನಗುತ್ತಿರುತ್ತದೆ, ಕಣ್ಣು ಬಾಗಿಲ ಕಡೆಗಿರುತ್ತದೆ. ಗಂಡ ಹೆಂಡತಿಯ ಹೆಗಲ ಮೇಲೆ ಕೈ ಇಟ್ಟಿರುತ್ತಾನೆ, ಬೆರಳು ಮಾತ್ರ ತಾಗಿರುವುದಿಲ್ಲ. ಮನೆಮಂದಿಯನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಯಾರಿಗೆ ಯಾರ ಮೇಲೆ ಸಿಟ್ಟಿದೆ ಎಂದು ಅಕ್ಕ ಕ್ಷಣದಲ್ಲಿ ಹೇಳಿಬಿಡುತ್ತಿದ್ದಳು. ಯಾರೂ ಕೇಳದಿದ್ದರೂ ಹೇಳುತ್ತಿದ್ದಳು. ಆ ಬಾಯಿಯಿಂದಾಗಿ ಕೆಲವು ಗಿರಾಕಿಗಳು ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ.

ಸ್ಟುಡಿಯೋ ಇದ್ದದ್ದು ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ. ಕಿರಿದಾದ ಮೆಟ್ಟಿಲು, ಹತ್ತುವಾಗ ಹೊಸ ಚಪ್ಪಲಿಯ ವಾಸನೆ. ಮುಂದಿನ ಕೋಣೆಗೆ ಬೀದಿಯ ಕಡೆ ದೊಡ್ಡ ಕಿಟಕಿ, ಅದರ ಪಕ್ಕ ಗಿರಾಕಿಗಳು ಕೂರುವ ಬೆಂಚು, ಎದುರಿಗೆ ಬೂದು ಪರದೆ, ಪರದೆಯ ಮುಂದೊಂದು ತಿರುಗುವ ಸ್ಟೂಲು. ಹಿಂದಿನ ಕೋಣೆ ಒಂದು ಕಾಲಕ್ಕೆ ಅಪ್ಪ ಫಿಲ್ಮ್ ತೊಳೆಯುತ್ತಿದ್ದ ಕತ್ತಲೆ ಕೋಣೆ. ಸೂಜಿಮೊನೆಯಷ್ಟು ಬೆಳಕೂ ನುಸುಳಬಾರದೆಂದು ಅಪ್ಪ ಅದರ ಕಿಟಕಿಗೆ ಇಟ್ಟಿಗೆ ಇಟ್ಟು ಮುಚ್ಚಿಸಿದ್ದರು. ಫಿಲ್ಮ್ ಹೋಯಿತು, ಕಂಪ್ಯೂಟರ್ ಬಂತು, ಇಟ್ಟಿಗೆ ಹಾಗೇ ಉಳಿಯಿತು. ಆ ಕೋಣೆಯಲ್ಲಿ ಕೂತು ಫೋಟೋಗಳನ್ನು ತಿದ್ದಿ, ಬಣ್ಣ ಸರಿಮಾಡಿ, ಪ್ರಿಂಟ್ ತೆಗೆಯುತ್ತಿದ್ದವಳು ಅಕ್ಕನ ತಂಗಿ. ಮನೆಯಲ್ಲಿ ಪುಟ್ಟಿ ಎಂದು ಕರೆದದ್ದೇ ಬೀದಿಗೂ ಹಬ್ಬಿ, ತಲೆಯಲ್ಲಿ ಬಿಳಿ ಕೂದಲು ಇಣುಕಿದ ಮೇಲೂ ಅವಳು ಎಲ್ಲರಿಗೂ ಪುಟ್ಟಿಯೇ ಆಗಿದ್ದಳು.

ಅಕ್ಕ ತೆಗೆಯುವವಳು, ಪುಟ್ಟಿ ತಿದ್ದುವವಳು. ಇಬ್ಬರೂ ಮದುವೆಯಾಗಲಿಲ್ಲ. ಅದರ ಬಗ್ಗೆ ಬೀದಿಯವರು ಆಡಿಕೊಳ್ಳುವಷ್ಟು ಆಡಿಕೊಂಡು, ಸುಸ್ತಾಗಿ ಸುಮ್ಮನಾಗಿದ್ದರು. ಅಕ್ಕನ ಬಾಯಿ ಜೋರು, ಪುಟ್ಟಿ ಬಾಯಿ ಬಿಡುವುದೇ ಅಪರೂಪ. ಒಬ್ಬಳು ಆಡುವ ಮಾತು ಇಬ್ಬರಿಗೂ ಸಾಕಾಗಿ ಮಿಕ್ಕುತ್ತಿತ್ತು.

ಅಕ್ಕನಿಗೆ ಇನ್ನೊಂದು ಹುಚ್ಚಿತ್ತು. ಹೊಟ್ಟೆಪಾಡಿನ ಫೋಟೋಗಳ ಜೊತೆಗೆ ತನಗೆ ತಾನೇ ಏನಾದರೊಂದು ಸವಾಲು ಹಾಕಿಕೊಳ್ಳುವುದು. ಒಂದು ವರ್ಷ ಬರೀ ಕಿವಿಗಳ ಫೋಟೋ ತೆಗೆದಳು. ಕಿವಿ ನೋಡಿ ಆಳು ಯಾರೆಂದು ಹೇಳುವಷ್ಟು ಪಳಗಿದಳು, ಅದರಿಂದ ಯಾರಿಗೂ ಮೂರು ಕಾಸಿನ ಉಪಯೋಗವಾಗಲಿಲ್ಲ. ಇನ್ನೊಮ್ಮೆ, ಕಣ್ಣು ಮುಚ್ಚಿದ ಮುಖಗಳು ಮಾತ್ರ ಎಂದು ಹೊರಟಾಗ ಕೆಳಗಿನ ಚಪ್ಪಲಿ ಅಂಗಡಿಯ ಯಜಮಾನ, "ನಾನಿನ್ನೂ ಬದುಕಿದೀನಿ ಕಣಮ್ಮಾ, ಈಗ್ಲೇ ಯಾಕೆ ಕಣ್ಣು ಮುಚ್ಚಿಸ್ತೀಯ?" ಎಂದು ಗದರಿ ಕಳಿಸಿದ. ಎಲ್ಲಕ್ಕಿಂತ ಚೆನ್ನಾಗಿ ಬಂದದ್ದು 'ಆಯ್ತಾ' ಸವಾಲು. ಫೋಟೋ ತೆಗೆದು ಮುಗಿಯಿತು ಎಂದುಕೊಂಡ ಗಿರಾಕಿ ಬಿಗಿಹಿಡಿದ ಉಸಿರು ಬಿಟ್ಟು "ಆಯ್ತಾ?" ಎಂದು ಕೇಳುತ್ತಾನಲ್ಲ, ಆಗ ಅಕ್ಕ ಇನ್ನೊಂದು ಕ್ಲಿಕ್ ಮಾಡುತ್ತಿದ್ದಳು. ನಿಜವಾದ ಮುಖ ಅಲ್ಲಿ ಸಿಗುತ್ತದೆ ಎಂದು ಆಕೆಯ ವಾದ. ಆ ಮುಖಗಳೇ ಈಗಲೂ ಮೆಟ್ಟಿಲ ಗೋಡೆಯ ತುಂಬ ಇವೆ.

ಅಪ್ಪ ತೀರಿಕೊಳ್ಳುವ ಮೊದಲು ಆ ಮಹಡಿಯನ್ನು ಇಬ್ಬರು ಹೆಣ್ಣುಮಕ್ಕಳ ಹೆಸರಿಗೂ ಸಮನಾಗಿ ಬರೆದಿಟ್ಟಿದ್ದರು. ಒಬ್ಬಳು ತನ್ನ ಪಾಲು ಮಾರಿದರೆ ಇನ್ನೊಬ್ಬಳ ಸ್ಟುಡಿಯೋ ಮುಚ್ಚಿದಂತೆಯೇ. ಮಾರುವ ಮಾತು ಯಾರ ಬಾಯಲ್ಲೂ ಬಂದಿರಲಿಲ್ಲ. ಆದರೆ ಬೀದಿಯಲ್ಲಿ ಹಳೆಯ ಕಟ್ಟಡಗಳು ಒಂದೊಂದೇ ಬಿದ್ದು ಗಾಜಿನ ಕಟ್ಟಡಗಳು ಎದ್ದವು. ಅದರ ಹಿಂದೆಯೇ ಒಬ್ಬ ಬ್ರೋಕರ್ ಕಾಣಿಸಿಕೊಳ್ಳತೊಡಗಿದ. ಬಿಳಿ ಅಂಗಿ, ಕಿವಿಗಂಟಿದ ಫೋನು. ಅವನಿಗೆ ಆಫೀಸು ಅಂತ ಇರಲಿಲ್ಲ, ನಿಂತ ಕಡೆಯೇ ಆಫೀಸು. ಒಂದು ಸಲ ಮೆಟ್ಟಿಲು ಹತ್ತಿ ಬಂದು, "ಅಕ್ಕಾವ್ರೇ, ಒಳ್ಳೇ ಪಾರ್ಟಿ ಇದೆ" ಎಂದು ಶುರುಮಾಡಿದವನಿಗೆ ಅಕ್ಕ ಮಂಗಳಾರತಿ ಎತ್ತಿ ಕಳಿಸಿದ್ದಳು. ಅಂದಿನಿಂದ ಅವನು ಮೇಲೆ ಬರಲಿಲ್ಲ. ಬರದೇ ಹೋದದ್ದು ಅಕ್ಕನಿಗೆ ಇನ್ನೂ ದೊಡ್ಡ ಅನುಮಾನವಾಯಿತು. ಅಷ್ಟು ಸುಲಭವಾಗಿ ಬಿಡುವ ಜಾತಿಯೇ ಅಲ್ಲ ಅದು, ಬೇರೆ ದಾರಿ ಹುಡುಕಿಕೊಂಡಿರಬೇಕು ಎಂದುಕೊಂಡಳು.

ಚಳಿ ಶುರುವಾದ ದಿನಗಳಲ್ಲಿ ಪುಟ್ಟಿ ಮಧ್ಯಾಹ್ನ ಹೊರಗೆ ಹೋಗತೊಡಗಿದಳು. ಊಟ ಮುಗಿಸಿ, ಕೈ ಒರೆಸಿಕೊಂಡು, "ಬರ್ತೀನಿ ಅಕ್ಕಾ" ಎಂದು ಮೆಟ್ಟಿಲಿಳಿದರೆ ಸ್ವಲ್ಪ ಹೊತ್ತಿನ ಮೇಲೆ ವಾಪಸು.

"ಎಲ್ಲಿಗೆ ಹೋಗಿದ್ದೆ?"

"ಸುಮ್ನೆ."

ಸುಮ್ನೆ! ಇಷ್ಟು ವರ್ಷದಲ್ಲಿ ಅಕ್ಕ ಕಂಡ ಜನರಲ್ಲಿ ಯಾರೂ ಏನನ್ನೂ ಸುಮ್ನೆ ಮಾಡಿದ್ದಿಲ್ಲ. ಸುಮ್ನೆ ಫೋಟೋ ತೆಗೆಸಿಕೊಳ್ಳೋಣ ಅಂತ ಬಂದೆ ಎಂದವನು ಮರುವಾರ ಕೆಲಸ ಬಿಟ್ಟು ಊರು ಬಿಟ್ಟಿದ್ದ. ಮಾತು ಬೆಳೆಸಲು ಪುಟ್ಟಿ ಸಿಗಲಿಲ್ಲ. ಅವಳಾಗಲೇ ಹಿಂದಿನ ಕೋಣೆ ಹೊಕ್ಕಾಗಿತ್ತು. ಅಕ್ಕ ಗಮನಿಸಿದ್ದು ಇನ್ನೊಂದು: ಹೊರಗೆ ಹೋಗಿ ಬಂದಾಗಲೆಲ್ಲ ತಂಗಿಯ ಮುಖಕ್ಕೆ ರಂಗು ಏರಿರುತ್ತಿತ್ತು. ಕೆನ್ನೆ ಬೆಚ್ಚಗೆ ಕೆಂಪಗೆ, ಕಣ್ಣು ಕಿರಿದಾಗಿ, ತುಟಿಯ ಮೂಲೆಯಲ್ಲಿ ಏನೋ ಒಂದು. ಬೆಳಕನ್ನು ಅರೆದು ಕುಡಿದವಳು, ಯಾವ ಮುಖದ ಮೇಲೆ ಎಂಥ ಬೆಳಕು ಬಿದ್ದಿತ್ತು ಎಂದು ಹೇಳಬಲ್ಲವಳು, ಆ ಕೆಂಪನ್ನು ನೋಡಿ ಬೆಳಕಿನ ಬಗ್ಗೆ ಯೋಚಿಸಲೇ ಇಲ್ಲ. ಯಾರು ಏನು ಆಸೆ ಹಚ್ಚಿರಬಹುದು ಎಂದು ಯೋಚಿಸಿದಳು. ಅನುಮಾನ ತಲೆಗೆ ಹೊಕ್ಕರೆ ಕಲಿತದ್ದೆಲ್ಲ ಹೊರಗೆ ನಿಲ್ಲಬೇಕಾಗುತ್ತದೆ, ನಾನು ಕಂಡ ಮಟ್ಟಿಗೆ ಯಾರ ವಿಷಯದಲ್ಲೂ ಇದು ತಪ್ಪಿದ್ದಿಲ್ಲ.

ಅದೇ ಹೊತ್ತಿಗೆ ಉದ್ದ ಲೆನ್ಸ್ ಬಂತು. ಹಕ್ಕಿಗಳ ಫೋಟೋ ತೆಗೆಯುತ್ತಿದ್ದ ಗೆಳೆಯನೊಬ್ಬ ಬೆನ್ನುನೋವು ಹಿಡಿದು ಹಾಸಿಗೆ ಹತ್ತಿದಾಗ, ತಿಂಗಳ ಮಟ್ಟಿಗೆ ಅದನ್ನು ಅಕ್ಕನಿಗೆ ಕೊಟ್ಟ. ಮೊಣಕೈಯಷ್ಟುದ್ದದ ಲೆನ್ಸು. ತನ್ನ ಸವಾಲುಗಳಿಗೆಲ್ಲ ಅಕ್ಕ ಇಷ್ಟು ದಿನ ಮುಖದ ಹತ್ತಿರ ನಿಂತೇ ಫೋಟೋ ತೆಗೆದವಳು. ಹೊಸ ಸವಾಲು ತಕ್ಷಣ ಹೊಳೆಯಿತು: ಒಂದು ತಿಂಗಳು, ಇದೊಂದೇ ಲೆನ್ಸು, ನಿಲ್ಲುವ ಜಾಗ ತಾರಸಿಯ ನೀರಿನ ತೊಟ್ಟಿಯ ಪಕ್ಕ, ತಮ್ಮನ್ನು ಯಾರೋ ನೋಡುತ್ತಿದ್ದಾರೆ ಎಂದು ಗೊತ್ತಿಲ್ಲದವರ ಮುಖಗಳು ಮಾತ್ರ. ಸವಾಲು ಶುರುವಾದದ್ದು ಶುದ್ಧ ಮನಸ್ಸಿನಿಂದಲೇ, ಅಷ್ಟು ನ್ಯಾಯ ಆಕೆಗೆ ಸಲ್ಲಬೇಕು.

ಮೊದಲ ದಿನಗಳು ಚೆನ್ನಾಗಿಯೇ ಹೋದವು. ಸಿಗ್ನಲ್ಲಿನಲ್ಲಿ ಆಕಳಿಸುವ ಡ್ರೈವರ್, ತನ್ನಷ್ಟಕ್ಕೆ ಮಾತಾಡಿಕೊಂಡು ಹೋಗುವ ಮೇಷ್ಟ್ರು. ಒಂದು ಮಧ್ಯಾಹ್ನ ಲೆನ್ಸನ್ನು ಬೀದಿಯ ತುದಿಗೆ ತಿರುಗಿಸಿದಳು. ನಮ್ಮ ಬೀದಿ ದೊಡ್ಡ ರಸ್ತೆಯನ್ನು ಸೇರುವ ಮೂಲೆಯಲ್ಲಿ ಒಂದು ಟೈಲರ್ ಅಂಗಡಿ, ಅದರ ಮುಂದೊಂದು ಕಲ್ಲುಬೆಂಚು. ಬೆಂಚಿನ ಮೇಲೆ ಪುಟ್ಟಿ ಕೂತಿದ್ದಳು. ಅವಳ ಹೆಗಲಿಗೆ ಅಂಟಿಕೊಂಡಂತೆ, ಅವಳ ಕಡೆಗೇ ಮುಖ ಮಾಡಿ, ಬಿಳಿ ಅಂಗಿಯ ಬ್ರೋಕರ್ ನಿಂತಿದ್ದ. ಅವನ ಬಾಯಿ ತೆರೆದಿತ್ತು. ಪುಟ್ಟಿ ನಗುತ್ತಿದ್ದಳು.

ಅಕ್ಕನ ಬೆರಳು ರೂಢಿಯಂತೆ ಕ್ಲಿಕ್ ಮಾಡಿತು.

ಕೆಳಗಿಳಿದು ಬಂದ ಮೇಲೆ ಏನೂ ಕೇಳಲಿಲ್ಲ. ಕೇಳಬೇಕಿತ್ತು, ಒಂದೇ ಮಾತು ಕೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಕೇಳಿದರೆ ಸುಳ್ಳು ಹೇಳುತ್ತಾರೆ ಎಂಬುದು ಆಕೆಯ ವೃತ್ತಿಯ ಪಾಠವಲ್ಲವೇ? ಸಾಕ್ಷಿ ಕೈಗೆ ಸಿಗಲಿ, ಆಮೇಲೆ ನೋಡಿಕೊಳ್ಳೋಣ ಎಂದುಕೊಂಡಳು. ಮರುದಿನದಿಂದ ಆ ತಿಂಗಳ ಸವಾಲಿನ ಬಣ್ಣವೇ ಬದಲಾಯಿತು. ಆಕಳಿಸುವ ಡ್ರೈವರ್‌ಗಳು ಬದುಕಿಕೊಂಡರು. ಪುಟ್ಟಿ ಮೆಟ್ಟಿಲಿಳಿದ ಕೂಡಲೇ ಅಕ್ಕ ತಾರಸಿ ಹತ್ತುತ್ತಿದ್ದಳು, ಗಿರಾಕಿ ಬೆಂಚಿನ ಮೇಲೆ ಕೂತಿದ್ದರೂ "ಒಂದ್ನಿಮಿಷ" ಎಂದು ಎದ್ದು ಹೋಗುತ್ತಿದ್ದಳು. ಬಿಸಿಲು ಚೆನ್ನಾಗಿದ್ದ ದಿನವೆಲ್ಲ ಪುಟ್ಟಿ ಅದೇ ಬೆಂಚಿನಲ್ಲಿ, ಬ್ರೋಕರ್ ಅವಳ ಪಕ್ಕದಲ್ಲಿ. ಒಂದರಲ್ಲಿ ಅವನು ಕೈ ಬೀಸಿ ಏನೋ ವಿವರಿಸುತ್ತಿದ್ದಾನೆ, ಇವಳು ತಲೆ ಬಾಗಿಸಿ ಕೇಳುತ್ತಿದ್ದಾಳೆ. ಇನ್ನೊಂದರಲ್ಲಿ ಇವಳು ಕಣ್ಣು ಮುಚ್ಚಿಕೊಂಡಿದ್ದಾಳೆ, ಲೆಕ್ಕ ಹಾಕುವವರ ಹಾಗೆ. ಒಂದು ಫೋಟೋ ಮಾತ್ರ ಹಾಳಾಯಿತು. ಕ್ಲಿಕ್ ಮಾಡುವ ಹೊತ್ತಿಗೆ ಕೆಂಪು ಬಸ್ಸೊಂದು ಅಡ್ಡ ಬಂದು ಬ್ರೋಕರ್ ಪೂರ್ತಿ ಮುಚ್ಚಿಹೋದ. ತಂಗಿಯೊಬ್ಬಳೇ ಕಾಣುವ ಆ ಫೋಟೋವನ್ನು ಇಟ್ಟುಕೊಂಡು ಏನು ಮಾಡುವುದು? ಅಕ್ಕ ಅದನ್ನು ಅಲ್ಲೇ ನಿಂತು ಅಳಿಸಿಹಾಕಿದಳು.

ಕ್ಯಾಮೆರಾದ ಮೆಮೊರಿ ಕಾರ್ಡನ್ನು ತೆಗೆದು ತನ್ನ ಕೈಚೀಲದ ಒಳಜೇಬಿಗೆ ಸೇರಿಸುತ್ತಿದ್ದಳು. "ಇದು ನನ್ನ ಸ್ವಂತ ಕೆಲಸ, ತಿಂಗಳು ಮುಗಿಯೋವರೆಗೂ ಯಾರೂ ನೋಡೋ ಹಾಗಿಲ್ಲ" ಎಂದು ಪುಟ್ಟಿಗೆ ಕಟ್ಟಪ್ಪಣೆ. ಪುಟ್ಟಿ ಮುಖ ತಿರುಗಿಸಿ ನಕ್ಕಳು. ಆ ನಗು ಅಕ್ಕನಿಗೆ ಮುಳ್ಳಿನಂತೆ ಚುಚ್ಚಿತು.

ಬ್ರೋಕರ್ ಒಂದು ದಿನ ತಾನಾಗಿಯೇ ಸ್ಟುಡಿಯೋಗೆ ಬಂದ. ವಿಸಿಟಿಂಗ್ ಕಾರ್ಡಿಗೆ ಒಂದು ಫೋಟೋ ಬೇಕಿತ್ತಂತೆ. ಬೇಕಿತ್ತಂತೆ! ಊರಲ್ಲಿ ಬೇರೆ ಸ್ಟುಡಿಯೋ ಇರಲಿಲ್ಲವೇ? ಅಕ್ಕ ಅವನನ್ನು ಸ್ಟೂಲಿನ ಮೇಲೆ ಕೂರಿಸಿ ಬೇಕೆಂದೇ ಲೈಟು ಹತ್ತಿರ ತಂದಳು. ಬೆವರಲಿ ನನ್ಮಗ ಎಂದು.

"ಎಲ್ಲಿ ವ್ಯವಹಾರ ಜೋರಾಗಿದೆ ಈಗ?" ಎಂದು ಸಹಜವಾಗಿ ಕೇಳುವವಳಂತೆ ಕೇಳಿದಳು.

"ಎಲ್ಲಿ ಬಂತು ಅಕ್ಕಾವ್ರೇ. ದಿನಾ ನಿಂತು ನಿಂತು ಕಾಲು ನೋವು ಬಂತೇ ಹೊರತು ಒಂದೂ ಗಿಟ್ಟಲಿಲ್ಲ."

"ಯಾರನ್ನಾದ್ರೂ ಕಾಯ್ತಿದೀರೇನೋ ಅಲ್ಲಿ?"

"ಕಾಯೋದೇ ನಮ್ ಕೆಲ್ಸ ಅಲ್ವಾ." ಅವನು ಕತ್ತು ಹೊರಳಿಸಿ ಹಿಂದಿನ ಕೋಣೆಯ ಬಾಗಿಲ ಕಡೆ ನೋಡಿದ. "ನಿಮ್ಮ ತಂಗಿಯವ್ರು ಚೆನ್ನಾಗಿದಾರಾ? ಕಾಣಿಸಲ್ಲ ಇತ್ತೀಚೆಗೆ."

ಕಾಣಿಸಲ್ಲವಂತೆ! ದಿನಾ ಪಕ್ಕದಲ್ಲಿ ನಿಂತು ಹಲ್ಲು ಕಿರಿಯುವವನು ಎಷ್ಟು ಚೆನ್ನಾಗಿ ಕಣ್ಣಿಗೆ ಮಣ್ಣೆರಚುತ್ತಾನೆ ನೋಡು ಎಂದು ಅಕ್ಕ ಹಲ್ಲು ಕಡಿದಳು. ಸಿಟ್ಟಿನಲ್ಲಿ ತೆಗೆದ ಆ ಫೋಟೋದಲ್ಲಿ ಅವನ ಒಂದು ಕಣ್ಣು ಅರ್ಧ ಮುಚ್ಚಿತ್ತು. ಅದನ್ನೇ ಕೊಟ್ಟು ಕಳಿಸಿದಳು.

ಆ ಸಂಜೆ ಟೈಲರ್ ಅಂಗಡಿಗೂ ಹೋದಳು. ಹೊಲಿಸಲು ಏನೂ ಇರಲಿಲ್ಲ, ಸ್ವೆಟರಿನ ಒಂದು ಗುಂಡಿಯನ್ನು ತಾನೇ ಕಿತ್ತುಕೊಂಡು ಹೋದಳು. ಟೈಲರ್ ಗುಂಡಿ ಹಾಕುತ್ತ ಕೂತಾಗ ಬೆಂಚಿನ ಕಡೆ ನೋಡಿ, "ನಮ್ಮ ಪುಟ್ಟಿ ಇಲ್ಲಿಗೆ ಬರ್ತಾಳಂತಲ್ಲ?" ಎಂದಳು.

"ಬರ್ತಾರೆ. ಕೂತ್ಕೋತಾರೆ. ಹೋಗ್ತಾರೆ."

"ಒಬ್ಳೇನಾ?"

ಟೈಲರ್ ದಾರ ಕಚ್ಚಿ ಕಡಿದು ಅಕ್ಕನ ಮುಖ ನೋಡಿದ. "ಬೆಂಚು ಎಲ್ಲಾರಿಗೂ ಇರೋದು, ಯಾರ್ಯಾರೋ ಕೂತ್ಕೋತಾರೆ. ನಾನು ಸೂಜಿ ನೋಡ್ಲೋ, ಬೆಂಚು ನೋಡ್ಲೋ?"

ಅವನೂ ಅವರ ಕಡೆಯವನೇ ಎಂದು ಅಕ್ಕನಿಗೆ ಖಾತ್ರಿಯಾಯಿತು. ಆ ಕಲ್ಲುಬೆಂಚಿನ ಮೇಲೆ ಒಂದು ಕ್ಷಣ ಕೂತು ಸುತ್ತ ಕಣ್ಣಾಡಿಸಿದ್ದರೆ ಸಾಕಿತ್ತು. ಆದರೆ ಯಾರಾದರೂ ನೋಡಿಬಿಟ್ಟಾರು ಎಂದು ಗುಂಡಿ ಹಾಕಿಸಿಕೊಂಡವಳೇ ಸರಸರ ಮನೆಗೆ ಬಂದಳು. ಬಂದವಳು ಬೀರುವಿನಲ್ಲಿದ್ದ ಕಟ್ಟಡದ ಪತ್ರಗಳನ್ನು ತೆಗೆದು ತನ್ನ ಹಾಸಿಗೆಯ ಕೆಳಗಿಟ್ಟಳು. ಆ ರಾತ್ರಿಯಿಂದ ಆಕೆಗೆ ಸರಿಯಾಗಿ ನಿದ್ದೆ ಹತ್ತಲಿಲ್ಲ. ಒಂದೇ ಮನೆ, ಒಂದೇ ಒಲೆ, ಗೋಡೆಯಾಚೆ ತಂಗಿಯ ಕೆಮ್ಮು. ಚಿಕ್ಕವಳಿದ್ದಾಗ ಕತ್ತಲೆ ಕೋಣೆಯ ಕೆಂಪು ದೀಪಕ್ಕೆ ಹೆದರಿ ತನ್ನ ಬೆನ್ನಿಗೆ ಅಂಟಿಕೊಳ್ಳುತ್ತಿದ್ದವಳು ಈಗ ತನ್ನ ಬೆನ್ನಹಿಂದೆ ಬೇಳೆ ಬೇಯಿಸಿಕೊಳ್ಳುತ್ತಿದ್ದಾಳೆ ಎಂದು ನೆನೆದು ಅಕ್ಕ ಮಗ್ಗುಲು ಬದಲಿಸುತ್ತಿದ್ದಳು. ಸ್ಟುಡಿಯೋ ಹೋದರೆ ಆಕೆಗೆ ಬೇರೆ ಬದುಕಿಲ್ಲ. ಆದರೆ ಮೋಸ ಮಾಡುವವಳು ಪುಟ್ಟಿಯಾದರೆ ಸ್ಟುಡಿಯೋ ಉಳಿದೂ ಏನು ಪ್ರಯೋಜನ ಎಂದು ಕೂಡ ಅನ್ನಿಸುತ್ತಿತ್ತು.

ಎರಡು ದಿನ ಬಿಟ್ಟು ಪುಟ್ಟಿ ಕೇಳಿದಳು. "ಅಕ್ಕಾ, ಬೀರುವಿನಲ್ಲಿದ್ದ ಪತ್ರ ಎಲ್ಲಿ? ಜಾಗ ಖಾಲಿ ಇದೆ."

"ನಿನಗ್ಯಾಕೆ ಪತ್ರ?"

"ಪತ್ರ ಯಾರಿಗೆ ಬೇಕು? ನನ್ನ ನೀಲಿ ಶಾಲು ಹುಡುಕ್ತಿದ್ದೆ."

ಮರುದಿನ ಪುಟ್ಟಿ ನೀಲಿ ಶಾಲು ಹೊದ್ದು, ತಲೆ ನೀಟಾಗಿ ಬಾಚಿ, ಬೆಂಚಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಲೆನ್ಸಿನೊಳಗಿಂದ ನೋಡುತ್ತಿದ್ದ ಅಕ್ಕನ ಮೈಯೆಲ್ಲ ಉರಿಯಿತು. ಕೆಲಸದ ಕೋಣೆಯಲ್ಲಿ ವರ್ಷಾನುಗಟ್ಟಲೆ ಮಾಸಿದ ಬಟ್ಟೆಯಲ್ಲಿ ಕೂತವಳು, ಆ ಬಿಳಿ ಅಂಗಿಯವನ ಎದುರು ಸಿಂಗಾರ ಮಾಡಿಕೊಂಡು ಕೂತಿದ್ದಾಳೆ! ಮಾರಾಟ ಬರೀ ಮಹಡಿಯದ್ದೋ, ಇನ್ನೂ ಏನೇನಿದೆಯೋ ಎಂದು ಆಕೆಯ ಅನುಮಾನ ಇನ್ನೊಂದು ಮೆಟ್ಟಿಲು ಏರಿತು.

ಪುಟ್ಟಿ ವಾಪಸು ಬಂದಾಗ ಅಕ್ಕ ಬಾಗಿಲಲ್ಲೇ ನಿಂತಿದ್ದಳು. ತಡೆದುಕೊಂಡದ್ದೆಲ್ಲ ಒಮ್ಮೆಲೇ ಹೊರಬಿತ್ತು.

"ಎಷ್ಟಕ್ಕೆ ಮಾತಾಡಿದೀಯ?"

"ಏನು?"

"ನನ್ನ ಹತ್ರ ನಾಟಕ ಬೇಡ ಪುಟ್ಟಿ. ಆ ಬ್ರೋಕರ್ ಜೊತೆ ದಿನಾ ಏನು ಮಾತು? ಅಪ್ಪನ ಸ್ಟುಡಿಯೋನ ಎಷ್ಟಕ್ಕೆ ಮಾರ್ತಿದೀಯ?"

ಪುಟ್ಟಿಗೆ ನಿಜವಾಗಿ ಅರ್ಥವಾಗಲಿಲ್ಲ. "ಯಾವ ಬ್ರೋಕರ್? ನಾನು ಅವನ ಜೊತೆ ಮಾತಾಡಿ ವರ್ಷ ಆಯ್ತು. ಅವತ್ತೂ ಆಗಲ್ಲ ಅಂತ ಹೇಳಿ ಕಳಿಸಿದ್ದೆ."

"ಸುಳ್ಳು! ನನ್ನ ಹತ್ರ ಫೋಟೋ ಇದೆ. ಬೆಂಚಿನ ಮೇಲೆ ನೀನು, ಪಕ್ಕದಲ್ಲಿ ಅವನು. ಒಂದಲ್ಲ ಎರಡಲ್ಲ."

ಹೀಗೆ ಹೇಳಿದರೆ ತಂಗಿ ಬಿಳಿಚಿಕೊಳ್ಳುತ್ತಾಳೆ ಎಂದು ಅಕ್ಕ ಅಂದುಕೊಂಡಿದ್ದಳು. ಪುಟ್ಟಿಯ ಮುಖ ಅರಳಿತು. ನಾಚಿಕೊಂಡಳು ಕೂಡ. "ಓ, ಆ ಫೋಟೋಗಳಾ? ನೀನು ಹೇಳೋವರೆಗೂ ಸುಮ್ನಿರೋಣ ಅಂತಿದ್ದೆ. ಇರು" ಎಂದು ಒಳಗೆ ಹೋಗಿ ಒಂದು ದಪ್ಪ ಲಕೋಟೆ ತಂದಳು.

ಅಕ್ಕ ಮರೆತದ್ದು ಇದು: ಆ ಕ್ಯಾಮೆರಾದಲ್ಲಿ ಮೆಮೊರಿ ಕಾರ್ಡಿಗೆ ಎರಡು ಜಾಗ. ತೆಗೆದ ಒಂದೊಂದು ಫೋಟೋವೂ ಎರಡು ಕಾರ್ಡಿನಲ್ಲೂ ಕೂರುತ್ತದೆ, ಒಂದು ಕೆಟ್ಟರೆ ಇನ್ನೊಂದಿರಲಿ ಎಂದು. ಒಂದರಲ್ಲಿ ಅಳಿಸಿದ್ದು ಇನ್ನೊಂದರಲ್ಲಿ ಉಳಿದಿರುತ್ತದೆ. ಆ ಎರಡನೇ ಕಾರ್ಡನ್ನು ಬೆಳಿಗ್ಗೆ ಬಂದ ಕೂಡಲೇ ಕಂಪ್ಯೂಟರ್‌ಗೆ ಇಳಿಸಿಕೊಳ್ಳುವುದು ಮೊದಲಿನಿಂದಲೂ ಪುಟ್ಟಿಯ ಕೆಲಸ. ಅಕ್ಕ ಆ ಜಾಗವನ್ನು ಒಮ್ಮೆಯೂ ತೆರೆದು ನೋಡಿದವಳಲ್ಲ. ತನ್ನ ಕಾರ್ಡನ್ನು ಕೈಚೀಲದಲ್ಲಿ ಬಚ್ಚಿಟ್ಟು ಬೀಗುತ್ತಿದ್ದಾಗ, ಅವೇ ಫೋಟೋಗಳು ದಿನವೂ ತಂಗಿಯ ಕಣ್ಣ ಮುಂದೆ ತೆರೆದುಕೊಳ್ಳುತ್ತಿದ್ದವು.

ಪುಟ್ಟಿ ಪ್ರಿಂಟುಗಳನ್ನು ಮೇಜಿನ ಮೇಲೆ ಒಂದೊಂದಾಗಿ ಹರಡಿದಳು. ಬೆಂಚಿನ ಮೇಲೆ ಪುಟ್ಟಿ, ಕಣ್ಣು ಮುಚ್ಚಿದ ಪುಟ್ಟಿ, ತಲೆ ಬಾಗಿಸಿದ ಪುಟ್ಟಿ. ಬ್ರೋಕರ್ ಎಲ್ಲೂ ಇರಲಿಲ್ಲ. ಅವನು ನಿಂತಿದ್ದ ಜಾಗದಲ್ಲಿ ಮಸುಕಾದ ಗೋಡೆ.

"ಅಳಿಸಿದೀಯಾ!" ಅಕ್ಕ ಕಿರುಚಿದಳು. "ಸಾಕ್ಷಿ ಅಳಿಸಿಬಿಟ್ಟಿದೀಯಾ!"

"ಹಿಂದೆ ಯಾರೋ ಅಡ್ಡ ನಿಂತಿದ್ದ. ಮುಖನೂ ನೋಡಲಿಲ್ಲ ನಾನು, ತೆಗೆದುಹಾಕಿದೆ. ಹಿಂದೆ ಅಡ್ಡ ಬಂದಿರೋದನ್ನೆಲ್ಲ ತೆಗೆ ಅಂತ ನೀನೇ ತಾನೇ ಹೇಳೋದು." ಪುಟ್ಟಿಯ ದನಿಯಲ್ಲಿ ಇನ್ನೂ ಸಂಭ್ರಮವಿತ್ತು. "ಇದೊಂದನ್ನ ಮಾತ್ರ ಮುಟ್ಟಿಲ್ಲ ನೋಡು. ಇದೇ ಎಲ್ಲಕ್ಕಿಂತ ಚೆನ್ನಾಗಿ ಬಂದಿದೆ, ಹಿಂದೆಲ್ಲ ಒಂದೇ ಬಣ್ಣ, ನಾನೊಬ್ಳೇ. ದೊಡ್ಡದು ಮಾಡಿಸಿದೆ."

ಕೊನೆಯದಾಗಿ ಇಟ್ಟ ಆ ದೊಡ್ಡ ಪ್ರಿಂಟಿನಲ್ಲಿ ಪುಟ್ಟಿ ಮುಖವನ್ನು ಬಿಸಿಲಿಗೆ ಎತ್ತಿ ಹಿಡಿದಿದ್ದಳು. ಅವಳ ಹಿಂದೆ ಕೆಂಪು ಬಸ್ಸು.

ಅವಳ ಹಿಂದೆ. ಅಕ್ಕ ಮೇಜಿನ ಅಂಚು ಹಿಡಿದುಕೊಂಡಳು. ಬಸ್ಸು ಬ್ರೋಕರ್‌ನನ್ನು ಮುಚ್ಚಿತ್ತು, ಪುಟ್ಟಿಯನ್ನು ಮುಚ್ಚಿರಲಿಲ್ಲ. ಅವರಿಬ್ಬರ ನಡುವೆ ಒಂದು ಬಸ್ಸು ಹಾದುಹೋಗುವಷ್ಟು ಜಾಗವಿತ್ತು, ಇಡೀ ದೊಡ್ಡ ರಸ್ತೆಯೇ ಇತ್ತು. ಅವನು ನಿಂತದ್ದು ಆಚೆ ಬದಿಯ ಅಂಗಡಿಯ ಮುಂದೆ, ಫೋನಿನಲ್ಲಿ ಮಾತಾಡುತ್ತ. ಉದ್ದ ಲೆನ್ಸು ದೂರದವರನ್ನೆಲ್ಲ ಎಳೆದು ತಂದು ಒಬ್ಬರಿಗೊಬ್ಬರನ್ನು ಅಂಟಿಸಿ ತೋರಿಸುತ್ತದೆ. ಕ್ಯಾಮೆರಾ ಹಿಡಿದವರಿಗೆ ಇದು ಮೊದಲ ವಾರದ ಪಾಠ. ಮದುವೆಯ ಫೋಟೋಗಳಲ್ಲಿ ಮುಖ ಕೊಟ್ಟು ಮಾತಾಡದ ಬೀಗರನ್ನು ಇದೇ ಉಪಾಯದಿಂದ ಅಕ್ಕಪಕ್ಕ ನಿಲ್ಲಿಸಿದಂತೆ ತೋರಿಸಿ ಅಕ್ಕ ಎಷ್ಟೋ ಸಲ ಭೇಷ್ ಎನ್ನಿಸಿಕೊಂಡಿದ್ದಳು. ಆ ಪಾಠ ಆಕೆಗೆ ಬೇಕಾದ ದಿನ ನೆನಪಿಗೆ ಬರಲಿಲ್ಲ. ನಾಚಿಕೆಯಿಂದ ಆಕೆಯ ಕಿವಿಯವರೆಗೂ ಬಿಸಿಯೇರಿತು.

"ಮತ್ತೆ... ದಿನಾ ಅಲ್ಲಿ ಏನು ಮಾಡ್ತಿದ್ದೆ?"

"ಬಿಸಿಲು ಕಾಯಿಸ್ತಿದ್ದೆ. ಆ ಕೋಣೆಯಲ್ಲಿ ಬಿಸಿಲೆಲ್ಲಿದೆ ಅಕ್ಕಾ? ಈ ಸಲ ಚಳಿಗೆ ಬೆರಳು ಮರಗಟ್ಟತ್ತೆ, ಮೌಸ್ ಹಿಡಿಯೋಕಾಗಲ್ಲ."

ಹೇಳುತ್ತ ಹೇಳುತ್ತ ಪುಟ್ಟಿಯ ದನಿ ನಿಧಾನವಾಯಿತು. ಅವಳು ಪ್ರಿಂಟುಗಳನ್ನು ನೋಡಿದಳು, ಅಕ್ಕನನ್ನು ನೋಡಿದಳು, ಮತ್ತೆ ಪ್ರಿಂಟುಗಳನ್ನು ನೋಡಿದಳು.

"ಅದಕ್ಕಾ ತೆಗೆದಿದ್ದು?"

ಅಕ್ಕ ಆ ದೊಡ್ಡ ಪ್ರಿಂಟನ್ನು ಮಗುಚಿಟ್ಟಳು.

"ಊರಿನ ಕಿವಿ ಎಲ್ಲಾ ತೆಗೆದೆ ನೀನು. ನನ್ನದು ಒಂದು ಫೋಟೋನೂ ತೆಗೆದಿರಲಿಲ್ಲ, ನಿನಗೆ ಗೊತ್ತಾ? ಗೋಡೆ ಮೇಲೆ ಎಲ್ಲಾರ ಮುಖಾನೂ ಇದೆ, ಎಲ್ಲಾರ ಮೊಡವೆನೂ ನಾನೇ ಅಳಿಸಿದೀನಿ. ಮೊದಲ ದಿನ ಕಾರ್ಡ್ ಇಳಿಸಿದಾಗ ನನ್ನ ಮುಖ ನೋಡಿ ಎಷ್ಟು ಖುಷಿ ಆಯ್ತು ಅಂದ್ರೆ... ಈ ತಿಂಗಳ ಸವಾಲು ನಾನೇ ಅಂದ್ಕೊಂಡೆ. ನಿನಗೆ ಗೊತ್ತಾಗದ ಹಾಗೆ ಇರಬೇಕಲ್ಲ ಅಂತ ಒಂದ್ಸಲಾನೂ ತಾರಸಿ ಕಡೆ ನೋಡಲಿಲ್ಲ. ಚೆನ್ನಾಗಿ ಬರಲಿ ಅಂತ ಇವತ್ತು ಶಾಲು ಹೊದ್ಕೊಂಡು ಹೋದೆ."

ಅವಳು ಅಳಲಿಲ್ಲ. ಶಾಲನ್ನು ತೆಗೆದು ನಾಲ್ಕು ಮಡಿಕೆ ಮಾಡಿ ಕುರ್ಚಿಯ ಮೇಲಿಟ್ಟು, ಹಿಂದಿನ ಕೋಣೆಗೆ ಹೋಗಿ ಬಾಕಿಯಿದ್ದ ಕೆಲಸಕ್ಕೆ ಕೂತಳು. ಅಕ್ಕ ಹೋಗಿ ತಪ್ಪಾಯಿತು ಎಂದಳು. ಬಾಗಿಲಲ್ಲಿ ನಿಂತು ಅಂದಳು, ಮನೆಯಲ್ಲಿ ಊಟಕ್ಕೆ ಕೂತಾಗ ಅಂದಳು, ಹಾಸಿಗೆಯ ಕೆಳಗಿನ ಪತ್ರಗಳನ್ನು ತಂದು ತಂಗಿಯ ಮುಂದಿಟ್ಟು ಅಂದಳು. ಪುಟ್ಟಿ "ಹೂಂ" ಎನ್ನುತ್ತಿದ್ದಳು. ಮಧ್ಯಾಹ್ನ ಹೊರಗೆ ಹೋಗುವುದನ್ನು ನಿಲ್ಲಿಸಿದಳು. ಅಕ್ಕ ಬಲವಂತ ಮಾಡಿದಾಗ, "ಬೇಡ, ನೀನು ಲೆನ್ಸ್ ಎತ್ತಿಕೊಂಡು ಮೇಲೆ ಕೆಳಗೆ ಓಡಾಡಬೇಕು" ಎಂದಳು. ಕೊಂಕಿರಲಿಲ್ಲ ಆ ಮಾತಿನಲ್ಲಿ. ಕೊಂಕಿದ್ದರೆ ಅಕ್ಕನಿಗೆ ಜಗಳವಾಡಲು ಒಂದು ದಾರಿಯಾದರೂ ಸಿಗುತ್ತಿತ್ತು.

ಲೆನ್ಸ್ ವಾಪಸು ಕೊಟ್ಟು ಬಂದ ದಿನ ಪುಟ್ಟಿ ಮುಂದಿನ ಕೋಣೆಯಲ್ಲಿ ಸ್ಟೂಲಿನ ಮೇಲೆ ಕೂತಿದ್ದಳು. ಬೂದು ಪರದೆ ಸುತ್ತಿಟ್ಟು ಬಿಳಿಯದನ್ನು ತಾನೇ ಇಳಿಸಿದ್ದಳು. ಲೈಟು ಹಾಕಿದ್ದಳು.

ಅಕ್ಕನ ಜೀವ ಬಂದಂತಾಯಿತು. "ತೆಗೀಲಾ? ಇರು, ಆ ದೊಡ್ಡ ಕಿಟಕಿ ಹತ್ರ ಕೂತ್ಕೋ, ಬೆಳಕು ಚೆನ್ನಾಗಿದೆ. ಶಾಲು ಎಲ್ಲಿ?"

"ಪಾಸ್‌ಪೋರ್ಟ್ ಸೈಜ್ ಸಾಕು ಅಕ್ಕಾ. ನನ್ನ ಪಾಲನ್ನ ನಿನ್ನ ಹೆಸರಿಗೆ ಮಾಡಿಕೊಡ್ತಿದೀನಿ. ವಕೀಲರು ಪತ್ರಕ್ಕೆ ಫೋಟೋ ಬೇಕು ಅಂದ್ರು."

"ಹುಚ್ಚು ಹಿಡಿದಿದೆಯೇನೇ? ಯಾರು ಕೇಳಿದ್ರು ನಿನ್ನ ಪಾಲು? ನಾನು ತೆಗೆಯಲ್ಲ."

"ನೀನು ತೆಗೀದಿದ್ರೆ ಬೇರೆ ಸ್ಟುಡಿಯೋಗೆ ಹೋಗ್ತೀನಿ. ಪ್ರಿಂಟ್ ಹಾಕೋ ಕಲರ್ ಲ್ಯಾಬ್‌ನವರು ಕೆಲಸಕ್ಕೆ ಬಾ ಅಂತ ತಿಂಗಳಿಂದ ಕರೀತಿದ್ರು, ಬರ್ತೀನಿ ಅಂದಿದೀನಿ. ಪಾಲು ಇಟ್ಕೊಂಡು ಹೋದ್ರೆ ನಿನಗೆ ನಿದ್ದೆ ಬರಲ್ಲ. ಗೋಡೆಯಾಚೆ ನೀನು ಹೊರಳಾಡೋದು ನನಗೆ ಕೇಳಿಸ್ತಿತ್ತು ಅಕ್ಕಾ. ಇದಕ್ಕೆ ಅಂತ ಆಗ ಗೊತ್ತಿರಲಿಲ್ಲ."

ಅಕ್ಕ ಗೋಗರೆದಳು, ಬೈದಳು, ಅಪ್ಪನ ಹೆಸರೆತ್ತಿದಳು. ಪುಟ್ಟಿ ಸ್ಟೂಲಿನಿಂದ ಏಳಲಿಲ್ಲ. ಕೊನೆಗೆ ಅಕ್ಕ ಕ್ಯಾಮೆರಾ ಎತ್ತಿದಳು. ಇಷ್ಟು ಹತ್ತಿರದಿಂದ ಆ ಮುಖವನ್ನು ಕ್ಯಾಮೆರಾದೊಳಗೆ ಕಂಡದ್ದು ಅದೇ ಮೊದಲು. ಕಣ್ಣಿನ ಕೆಳಗೆ ಕಂಪ್ಯೂಟರ್ ಪರದೆ ನೋಡಿ ನೋಡಿ ಬಿದ್ದ ಗೆರೆಗಳು, ಅಮ್ಮನ ಹಣೆ, ಎಡ ಹುಬ್ಬಿನಲ್ಲಿ ತಾನೇ ಚಿಕ್ಕಂದಿನಲ್ಲಿ ಕಲ್ಲೆಸೆದು ಮಾಡಿದ್ದ ಗಾಯದ ಗುರುತು. ಸುಳ್ಳಿನ ಎಳೆಯೊಂದೂ ಆ ಮುಖದಲ್ಲಿ ಸಿಗಲಿಲ್ಲ. ಅಕ್ಕ ಕ್ಲಿಕ್ ಮಾಡಿದಳು.

ಪುಟ್ಟಿ ಎದ್ದು ಬಂದು ಕಾರ್ಡು ತೆಗೆದುಕೊಂಡಳು. ಫೋಟೋ ತಿದ್ದಿ ಪ್ರಿಂಟು ತೆಗೆಯಲು ಆ ಸ್ಟುಡಿಯೋದಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ, ಅಕ್ಕನಿಗೂ.

"ಬಾಗಿಲು ತೆಗೆದಿಟ್ಟೇ ಕೆಲಸ ಮಾಡೇ" ಎಂದಳು ಅಕ್ಕ. "ಸ್ವಲ್ಪ ಬೆಳಕಾದ್ರೂ ಬರಲಿ."

"ಬೆಳಕು ಬಂದ್ರೆ ಬಣ್ಣ ಸರಿಯಾಗಿ ಗೊತ್ತಾಗಲ್ಲ ಅಕ್ಕಾ" ಎಂದು ಪುಟ್ಟಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಕ್ಕ ಗಿರಾಕಿಗಳು ಕೂರುವ ಬೆಂಚಿನ ಮೇಲೆ ಕೂತು ಕಾದಳು.